ಗೊಂಬಿ ಐತೇನ್ರಿ?

ಮಲಗಿದವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನಿಂತು ನೋಡುವುದು ನನಗೆ ಚಿಕ್ಕಂದಿನಿಂದ ಅಂಟಿಕೊಂಡ ಚಟ. ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ಬೀಗ ಹಾಕಿದ ಮೇಲೂ ಮತ್ತೊಮ್ಮೆ ಬಂದು ಜಗ್ಗಿ ನೋಡುತ್ತಾರೆ. ನನ್ನದು ಇದು. ಮದುವೆ ಮನೆಯಲ್ಲಿ ಉಂಡು ಜಮಖಾನೆಯ ಮೇಲೆ ಸಾಲಾಗಿ ಉರುಳಿಕೊಂಡ ಬೀಗರ ಹೊಟ್ಟೆಗಳೆಲ್ಲ ಏರಿಳಿಯುತ್ತಿವೆ ಎಂದು ಖಾತ್ರಿಯಾದ ಮೇಲೆಯೇ ನಾನು ಎಲೆ ಅಡಿಕೆಯ ತಟ್ಟೆಗೆ ಕೈ ಹಾಕುವುದು. ಗೊರಕೆ ಹೊಡೆಯುವವರೆಂದರೆ ನನಗೆ ವಿಶೇಷ ಅಕ್ಕರೆ. ಮನೆಮಂದಿಯೆಲ್ಲ ಅವರನ್ನು ಬೈದುಕೊಳ್ಳುವಾಗ ನಾನೊಬ್ಬಳು ನಿಶ್ಚಿಂತೆಯಿಂದ ನಿದ್ದೆ ಹೋಗುತ್ತೇನೆ. ತೊಂದರೆಯೆಲ್ಲ ಸದ್ದಿಲ್ಲದೆ ಮಲಗುವವರದು.

ಈ ಚಟ ಶುರುವಾದದ್ದು ಖಾನಾಪುರದ ಕಡೆಯ ಬೀಡಿ ಎಂಬ ಊರಿನ ನಮ್ಮ ತವರುಮನೆಯ ಪಡಸಾಲೆಯಲ್ಲಿ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮಧ್ಯಾಹ್ನ ರೊಟ್ಟಿ ಉಂಡು ಅಡ್ಡಾದರೆ ಕಣ್ಣು ಅರ್ಧ ತೆರೆದೇ ಮಲಗುತ್ತಿದ್ದಳು. ನೊಣ ಬಂದು ಮೂಗಿನ ತುದಿಯ ಮೇಲೆ ಕೂತರೂ ಅವಳಿಗೆ ಅರಿವಿರುತ್ತಿರಲಿಲ್ಲ. ನಾನು ಬತ್ತಿ ಹೊಸೆಯುವ ಹತ್ತಿಯಿಂದ ಒಂದು ಎಳೆ ಕಿತ್ತು ಅವಳ ಮೂಗಿನ ಮುಂದೆ ಹಿಡಿಯುತ್ತಿದ್ದೆ. ಎಳೆ ಅಲುಗಿದರೆ ಆಟಕ್ಕೆ ಓಡುತ್ತಿದ್ದೆ. ಒಮ್ಮೆ ಎಳೆ ಮೂಗಿನೊಳಗೇ ಹೋಗಿ ಆಯಿ ಮನೆ ನಡುಗುವ ಹಾಗೆ ಸೀನಿ ಎದ್ದು ಕೂತಳು. "ಸತ್ತಿಂದ ನಾನ ಕೂಗಿ ಹೇಳ್ತೀನಿ, ನೀ ಹೋಗ ಅತ್ಲಾಗ" ಎಂದು ಬೆನ್ನಿಗೊಂದು ಬಿಟ್ಟಳು. ಸತ್ತವರು ಕೂಗಿ ಹೇಳುತ್ತಾರೆಂದು ನಾನು ಬಹಳ ದಿನ ನಂಬಿದ್ದೆ.

ಆಗ ನಮ್ಮೂರಿನಲ್ಲಿ ಯಾರಿಗೆ ಏನಾದರೂ ಔಷಧ ಕೈಯಳತೆಯಲ್ಲೇ ಇರುತ್ತಿತ್ತು. ಕೈ ಕೊಯ್ದರೆ ಅರಿಶಿನ, ಇಲ್ಲವೇ ಚಹಾಪುಡಿ. ಕಾಲು ಉಳುಕಿದರೆ ಹುಣಸೆಹಣ್ಣು, ಉಪ್ಪು. ಗಂಟಲಿಗೆ ತುತ್ತು ಸಿಕ್ಕರೆ ನೆತ್ತಿಯ ಮೇಲೆ ಬಡಿದು "ಯಾರೋ ನೆನಸಾಕತ್ತಾರ" ಎನ್ನುವುದು. ಕಣ್ಣು ತಿರುಗಿ ಬಿದ್ದವರಿಗೆ ಮಾತ್ರ ಉಳ್ಳಾಗಡ್ಡಿ. ಒಮ್ಮೆ ಅಪ್ಪನ ಜೊತೆ ಖಾನಾಪುರದ ಸಂತೆಗೆ ಹೊರಟಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದ ಒಬ್ಬ ಮನುಷ್ಯ ನಿಧಾನವಾಗಿ ವಾಲಿ, ವಾಲಿ, ಕೊನೆಗೆ ಪಕ್ಕದವರ ತೊಡೆಯ ಮೇಲೆ ಬಿದ್ದ. ಬಸ್ಸಿನ ತುಂಬ ಗದ್ದಲ. ಯಾರದೋ ಚೀಲದಿಂದ ಉಳ್ಳಾಗಡ್ಡಿ ಬಂತು, ಅದನ್ನು ಗುದ್ದಿ ಮೂಗಿಗೆ ಹಿಡಿದರು. ಇನ್ನೊಬ್ಬರು ಮೂರ್ಛೆರೋಗ ಇರಬೇಕೆಂದು ಕೀಲಿಕೈ ಗೊಂಚಲನ್ನು ಅವನ ಮುಷ್ಟಿಯೊಳಗೆ ತುರುಕಿದರು. ಮತ್ತೊಬ್ಬರು ತಮ್ಮ ಕಾಲಿನ ಚಪ್ಪಲಿ ಕಳಚಿ ಮೂಗಿನ ಹತ್ತಿರ ತಂದರು. ಅಪ್ಪ ಟವೆಲಿನಿಂದ ಗಾಳಿ ಬೀಸಿದರು. ಅಷ್ಟರಲ್ಲಿ ಅವನು ಕಣ್ಣು ಬಿಟ್ಟ. ಇಟ್ಟಂಗಿ ಭಟ್ಟಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಂತೆ, ನಿದ್ದೆ ಹತ್ತಿತ್ತು, ಅಷ್ಟೆ. ಮುಖದ ತುಂಬ ಉಳ್ಳಾಗಡ್ಡಿಯ ರಸ, ಕೈಯಲ್ಲಿ ಯಾರದೋ ಮನೆಯ ಕೀಲಿಕೈ. ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, "ಖಾನಾಪುರ ಬಂತೇನ್ರಿ?" ಎಂದು ಕೇಳಿದ.

ನಗಬೇಡಿ. ಹೋದ ವರ್ಷದವರೆಗೆ ನನಗೆ ಗೊತ್ತಿದ್ದ ವೈದ್ಯವೂ ಅಷ್ಟೇ.

ನಾವೀಗ ಇರುವುದು ಬೆಳಗಾವಿಯ ಅನಗೋಳದಲ್ಲಿ. ನಮ್ಮವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಎರಕ ಹೊಯ್ಯುವ ಮೊದಲು ಕಟ್ಟಿಗೆಯಲ್ಲಿ ಮಾದರಿ ಮಾಡಿಕೊಳ್ಳಬೇಕಲ್ಲ, ಆ ಮಾದರಿಗಳನ್ನು ಮಾಡುವವರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗೋಡೆಯಾಚೆಯ ಮನೆಯ ಶಮೀಮ್ ನನ್ನ ಜೊತೆ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

ಒಂದು ಸಂಜೆ ನಮ್ಮವರು ಕೆಲಸದಿಂದ ಬಂದವರೇ ಎದೆ ಉರಿಯುತ್ತಿದೆ ಎಂದರು. "ಗ್ಯಾಸ್ ಆಗೇತಿ" ಎಂದು ತಾವೇ ತೀರ್ಮಾನಿಸಿ ಸೋಡಾ ಕುಡಿದರು. ಕುಡಿದವರು ಸುಮ್ಮನೆ ಕೂಡಲಿಲ್ಲ, ಬಚ್ಚಲಿನ ನಳ ಸೋರುತ್ತಿತ್ತೆಂದು ಪಾನಾ ಹಿಡಿದು ಅದನ್ನು ಬಿಗಿ ಮಾಡಲು ಹೋದರು. ಸೀರೆ ಕೊಡಲು ಬಂದ ಶಮೀಮ್ ಅವರ ಮುಖ ನೋಡಿದಳು. ಬೆವರು ಕಟ್ಟೊಡೆದ ಹಾಗೆ ಇಳಿಯುತ್ತಿತ್ತು. ಅವಳು ಸೀರೆಯನ್ನು ಅಲ್ಲೇ ಎಸೆದು ಓಣಿಯ ತುದಿಗೆ ಓಡಿ ರಿಕ್ಷಾ ತಂದಳು. ದವಾಖಾನೆಯಲ್ಲಿ ಹಾರ್ಟ್ ಅಟ್ಯಾಕ್ ಎಂದರು, ಸ್ಟೆಂಟ್ ಹಾಕಿದರು. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂದು ನನಗೇ ಸರಿಯಾಗಿ ನೆನಪಿಲ್ಲ. ರಿಕ್ಷಾದಲ್ಲಿ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಹಿಡಿತ ಸಡಿಲಾದರೆ ಅವರು ಎಲ್ಲೋ ಹೋಗಿಬಿಡುತ್ತಾರೆ ಎನ್ನುವ ಹಾಗೆ.

ಮನೆಗೆ ಕಳಿಸುವ ದಿನ ಡಾಕ್ಟರು ಗುಳಿಗೆಗಳನ್ನೆಲ್ಲ ತಿಳಿಸಿ ಹೇಳಿದರು. ಉಪ್ಪು ಕಡಿಮೆ ಎಂದರು, ಬೀಡಿ ಸಿಗರೇಟು ಇಲ್ಲ ಎಂದರು. ಆಮೇಲೆ, "ಮನ್ಯಾಗ ಒಬ್ಬರರ ಸಿಪಿಆರ್, ಅಂದ್ರ ಹೃದಯಾ ನಿಂತ್ರ ಎದಿ ಒತ್ತೂದು, ಕಲ್ತಿದ್ರ ಛಲೋ ನೋಡ್ರಿ. ಅಂಜಸಾಕಲ್ಲ ಹೇಳೂದು. ಎಲ್ಲಾರ ಮನ್ಯಾಗೂ ಗೊತ್ತಿರಬೇಕಾದ್ದು" ಎಂದರು. ಉಪ್ಪಿನ ಮಾತನ್ನು ಹೇಳಿದಷ್ಟೇ ಸಲೀಸಾಗಿ ಹೇಳಿದರು. ನನಗೆ ಮಾತ್ರ ಆ ಕ್ಷಣದಿಂದ ಒಂದು ಕಡೆ ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ.

ಮನೆಯಲ್ಲಿ ಅವರು ಮಧ್ಯಾಹ್ನ ಮಲಗುವುದನ್ನು ಕಲಿತರು. ನಾನು ಹೊಲಿಗೆ ಮಷಿನ್ನನ್ನು ಕಿಟಕಿಯ ಹತ್ತಿರದಿಂದ ಎಳೆದು ಮಂಚ ಕಾಣುವ ಕಡೆಗೆ ಹಾಕಿಕೊಂಡೆ. ನಾಲ್ಕು ಹೊಲಿಗೆ ಹಾಕುವುದು, ಕತ್ತು ತಿರುಗಿಸಿ ನೋಡುವುದು. ಆ ತಿಂಗಳು ನಾನು ಹೊಲಿದ ತೋಳುಗಳೆಲ್ಲ ಒಂದು ಗಿಡ್ಡ, ಒಂದು ಉದ್ದ. ಅವರು ಪಕ್ಕ ಬದಲಿಸಿದರೆ ನನಗೆ ಸಮಾಧಾನ. ಬಹಳ ಹೊತ್ತು ಬದಲಿಸದಿದ್ದರೆ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ಹಾಗೆ ಹಿಡಿದಾಗಲೇ ಅವರು ಒಮ್ಮೆ ಕಣ್ಣು ಮುಚ್ಚಿಕೊಂಡೇ, "ಇನ್ನೂ ಅದೀನಿ" ಎಂದರು. ಮೊದಲ ಸಲ ನಕ್ಕರು. ಎರಡನೆಯ ಸಲ ನಗಲಿಲ್ಲ. ಆಮೇಲೆ ಒಂದು ದಿನ ಎದ್ದು ಕೂತು, "ಸುವರ್ಣಾ, ನೀ ನನ್ನ ನೋಡಾಕತ್ತೀಯೋ, ನನ್ನ ಉಸರಾ ನೋಡಾಕತ್ತೀಯೋ?" ಎಂದು ಕೇಳಿದರು. ನಾನು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಇದಕ್ಕೆಲ್ಲ ಒಂದೇ ದಾರಿ ಎಂದರೆ ಕಲಿಯುವುದು ಎನಿಸಿತು. ಕಲಿತುಬಿಟ್ಟರೆ ಹೆದರಿಕೆ ಇಳಿದೀತು. ಶಮೀಮಳಿಗೆ ಹೇಳಿದೆ. "ನಾನೂ ಬರ್ತೀನಿ ಅಕ್ಕಾ" ಎಂದಳು. "ಆ ದಿನ ಭಾಯ್‌ಸಾಬರ ಮುಖಾ ನೋಡಿ ನನ್ನ ಕೈಕಾಲು ತಣ್ಣಗಾಗಿದ್ವು. ರಿಕ್ಷಾ ಸಿಗದಿದ್ರ ಏನ್ ಮಾಡ್ತಿದ್ದೆ ನಾನು? ನಿಂತ ನೋಡ್ತಿದ್ದೆ." ಮಗಳು ಫೋನಿನಲ್ಲಿ ಹುಡುಕಿ ಒಂದಷ್ಟು ಕ್ಲಾಸುಗಳ ವಿವರ ಕಳಿಸಿದಳು.

ಮೊದಲನೆಯದು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕಲಿಯುವಂಥದು. ನಾವಿಬ್ಬರೂ ಅಕ್ಕಪಕ್ಕ ಕೂತು ವಿಡಿಯೋ ನೋಡಿದೆವು. ಕೊನೆಗೆ ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಎಲ್ಲಕ್ಕಿಂತ ಉದ್ದ ಇರುವ ಉತ್ತರವೇ ಸರಿ ಎನ್ನುವುದನ್ನು ಶಮೀಮ್ ಬಹಳ ಬೇಗ ಕಂಡುಹಿಡಿದಳು. ಒಲೆಯ ಮೇಲೆ ಭಜಿ ತಿರುವುತ್ತಲೇ ಪಾಸಾದಳು. ನಾನೂ ಪಾಸಾದೆ. ಬಣ್ಣದ ಅಂಚಿನ ಪ್ರಮಾಣಪತ್ರ ಮೊಬೈಲಿಗೆ ಬಂತು. ಅದನ್ನು ನೋಡುತ್ತಾ ಕೂತವಳು ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಅವಕ್ಕೆ ಏನೂ ಗೊತ್ತಾಗಿರಲಿಲ್ಲ.

"ಇದು ಈಜಾ ಕಲ್ತಂಗ ಆತು, ನೀರ ಮುಟ್ಟದ" ಎಂದಳು ಶಮೀಮ್.

ಎರಡನೆಯದು ಟಿಳಕವಾಡಿಯ ಒಂದು ದೊಡ್ಡ ಹಾಲಿನಲ್ಲಿ. ತಣ್ಣನೆಯ ಎಸಿ, ಮೆತ್ತನೆಯ ಕುರ್ಚಿ, ಬಿಸ್ಕೀಟು. ಕಲಿಸುವ ಹುಡುಗ ಚೆಂದ ಮಾತಾಡುತ್ತಿದ್ದ, ಆದರೆ ಪೂರಾ ಇಂಗ್ಲಿಷಿನಲ್ಲಿ. ಗೋಡೆಯ ಮೇಲೆ ಹೃದಯದ ಚಿತ್ರ ಕೆಂಪಾಗಿ ಮಿಡಿಯುತ್ತಿತ್ತು. ಒಂದು ತಾಸು ಕಳೆದ ಮೇಲೆ ಶಮೀಮ್ ಕೈ ಎತ್ತಿ ನಿಂತಳು. "ಸರ್, ಒತ್ತೂದು ಯಾವಾಗ?" ಎಲ್ಲರೂ ತಿರುಗಿ ನೋಡಿದರು. ಒತ್ತಲು ಗೊಂಬೆ ಬೇಕು, ಗೊಂಬೆ ಇರುವುದು ಮುಂದಿನ ಹಂತದ ಕ್ಲಾಸಿನಲ್ಲಿ, ಅದು ಯಾವಾಗ ಎಂದು ಮೆಸೇಜು ಕಳಿಸುತ್ತೇವೆ ಎಂದ ಹುಡುಗ. ಅವನೇನೂ ಮೋಸಗಾರನಲ್ಲ, ಮೊದಲೇ ಹಾಗೆಂದು ತಿಳಿಸಿಯೂ ಇದ್ದನಂತೆ. ನಾವು ಓದಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಆಯ್ಕೆಗೆ ಒಂದೇ ಪ್ರಶ್ನೆ ಉಳಿಯಿತು. ಯಾವ ಕ್ಲಾಸಿನವರಿಗೆ ಫೋನ್ ಹಚ್ಚಿದರೂ ಶಮೀಮ್ ನಮಸ್ಕಾರ ಮುಗಿಯುವ ಮೊದಲೇ, "ಗೊಂಬಿ ಐತೇನ್ರಿ?" ಎಂದು ಕೇಳುತ್ತಿದ್ದಳು. ಒಬ್ಬರು ಇದೆ, ಆದರೆ ಕೆಟ್ಟಿದೆ ಎಂದರು. ಇನ್ನೊಂದು ಸಲ ನಂಬರು ತಪ್ಪಿ ಯಾವುದೋ ಅಂಗಡಿಗೆ ಹೋಗಿತ್ತು. "ಗೊಂಬಿ ಇಲ್ರಿ, ಇಲ್ಲಿ ಬರೇ ಸ್ಟೇಶನರಿ" ಎಂದು ಫೋನ್ ಇಟ್ಟರು.

ಗೊಂಬೆ ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮವರ ಫೌಂಡ್ರಿಯಲ್ಲೇ. ಅಲ್ಲಿ ಕೆಲಸಗಾರರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ನಮ್ಮವರನ್ನು ಮಾತಾಡಿಸಲು ಮನೆಗೆ ಬಂದ ಸೂಪರ್‌ವೈಸರು, "ವೈನಿ, ನೀವೂ ಬರ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ" ಎಂದರು. ನಾನು ಹೂಂ ಎನ್ನುವುದರೊಳಗೆ ಇವರ ಮುಖ ಕಪ್ಪಿಟ್ಟಿತು. ಸೂಪರ್‌ವೈಸರು ಹೋಗುವ ತನಕ ತಡೆದುಕೊಂಡಿದ್ದರು. ಆಮೇಲೆ ದನಿ ಎತ್ತಿದರು.

"ನಾ ಕೆಲಸಾ ಮಾಡೂ ಜಾಗಾದಾಗ, ನನ್ನ ಮಂದಿ ಮುಂದ, ನನ್ನ ಎದಿ ಒತ್ತೂದು ಕಲೀತೀ ಏನ್ ನೀ?"

"ನಿಮ್ಮ ಎದಿ ಅಲ್ರಿ, ಗೊಂಬಿದು."

"ಗೊಂಬಿ ನೋಡಿ ಅವರಿಗೆ ಯಾರ ನೆನಪಾಗತೈತಿ? ಇಂವಾ ಇನ್ನ ಮುಗದಾ ಅಂತಾರ. ನಾಳೆ ಕೆಲಸಕ್ಕ ಹೋದ್ರ ಒಂದು ಕಟ್ಟಿಗಿ ಎತ್ತಾಕ ಬಿಡಂಗಿಲ್ಲ ನನ್ನ."

"ಹಂಗಾದ್ರ ನಾ ಎಲ್ಲಿ ಕಲೀಲಿ?"

"ಕಲೀಬ್ಯಾಡ. ನಾ ಸತ್ತೇನಿ ಅಂತ ಮೊದಲ ತಿಳಕೊಂಡು ಬಿಟ್ಟೀ ನೀ."

ನಾನು ಅಳಲಿಲ್ಲ. ಕತ್ತರಿ ತೆಗೆದುಕೊಂಡು ಸುಮ್ಮನೆ ಚೂರು ಬಟ್ಟೆಗಳನ್ನು ಇನ್ನಷ್ಟು ಚೂರು ಮಾಡುತ್ತಾ ಕೂತೆ. ಮರುದಿನ ಬೆಳಿಗ್ಗೆ ಅವರು ಒಂದು ಚೀಲಕ್ಕೆ ಬಟ್ಟೆ, ಗುಳಿಗೆ ಹಾಕಿಕೊಂಡು ಗುಂಜಿಯ ತಂಗಿಯ ಮನೆಗೆ ಹೊರಟರು. "ಅಲ್ಲೆ ನನ್ನ ಯಾರೂ ಕಾಯಂಗಿಲ್ಲ" ಎಂದರು. ರೈಲು ಹತ್ತಿಸಲು ಬರುತ್ತೇನೆ ಎಂದರೆ ಬೇಡ ಎಂದರು. ಗುಂಜಿ ಎಂದರೆ ಕಾಡಿನ ಅಂಚು. ಮಾತಾಡುತ್ತಿರುವಾಗಲೇ ಫೋನು ಕಡಿದುಹೋಗುವ ಊರು. ಅಲ್ಲಿಂದ ದೊಡ್ಡ ದವಾಖಾನೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಅವರು ಹೋದ ಮೇಲೆ ಮನೆಯೊಳಗೆ ನೋಡಲು ಯಾರೂ ಇರಲಿಲ್ಲ. ಆದರೂ ಕತ್ತು ತನ್ನಷ್ಟಕ್ಕೆ ತಾನೇ ಮಂಚದ ಕಡೆಗೆ ತಿರುಗುತ್ತಿತ್ತು. ನಿಂತರೆ ಕೂಡಬೇಕು, ಕೂತರೆ ಏಳಬೇಕು. ನಾದಿನಿ ಕಮಲಾಳಿಗೆ ಫೋನ್ ಹಚ್ಚಿದೆ.

"ಅಣ್ಣ ಮಲಗ್ಯಾನ ವೈನಿ."

"ಸ್ವಲ್ಪ ಹೋಗಿ ಉಸರಾ ನೋಡವಾ."

"ಅಯ್ಯ, ಗ್ವಾರಕಿ ಅಡಗಿ ಮನಿತನಾ ಕೇಳಾಕತ್ತೇತಿ. ಫೋನ್ ಹಿಡೀಲೇನ್?"

ಹಿಡಿದಳು. ನಾನು ಅನಗೋಳದಲ್ಲಿ ಅಂಗಳದ ಕಟ್ಟೆಯ ಮೇಲೆ ಕೂತು ಗುಂಜಿಯ ಗೊರಕೆಯನ್ನು ಕೇಳಿದೆ. ಫೋನು ಕಡಿದುಹೋಗುವ ತನಕ ಕೇಳಿದೆ. ಮದುವೆಯಾಗಿ ಇಷ್ಟು ವರ್ಷ ಅವರು ಗೊರಕೆ ಹೊಡೆದವರಲ್ಲ. ಗುಂಜಿಗೆ ಹೋದ ಮೇಲೆ ಎಷ್ಟು ನಿರಾಳವಾಗಿ ಮಲಗಿರಬೇಕು ಎಂದು ಸಂತೋಷವೂ ಆಯಿತು, ನನ್ನ ಕಣ್ಣೆದುರು ಹಾಗೆ ಮಲಗಲಿಲ್ಲವಲ್ಲ ಎಂದು ಬೇಸರವೂ ಆಯಿತು.

ಖಾನಾಪುರದ ಕ್ಲಾಸಿನ ಸುದ್ದಿ ತಂದವಳು ಶಮೀಮ್. ಅವಳ ತವರು ಅದೇ. ನಿವೃತ್ತರಾದ ನರ್ಸೊಬ್ಬರು ಶನಿವಾರ ಶಾಲೆಯ ಒಂದು ಕೋಣೆಯಲ್ಲಿ ಕಲಿಸುತ್ತಾರೆ, ಕನ್ನಡದಲ್ಲೂ ಹೇಳುತ್ತಾರೆ, ಮರಾಠಿಯಲ್ಲೂ ಹೇಳುತ್ತಾರೆ. "ಗೊಂಬಿ ಐತಿ. ನಾ ಕೇಳೀನಿ" ಎಂದಳು. ನನಗೆ ಇನ್ನೊಂದು ಲೆಕ್ಕವೂ ಇತ್ತು. ಖಾನಾಪುರ ಎಂದರೆ ಗುಂಜಿಗೆ ಅಷ್ಟು ಹತ್ತಿರ. ಕಮಲಾಳಿಗೆ ಫೋನಿನಲ್ಲಿ, "ಶನಿವಾರ ಖಾನಾಪುರಕ್ಕ ಬರ್ತೀನಿ, ಸಾಲ್ಯಾಗಿನ ಕ್ಲಾಸಿಗೆ. ಅವರಿಗೇನೂ ಹೇಳಬ್ಯಾಡ" ಎಂದೆ. ಕಮಲಾ ಎಂಥವಳೆಂದರೆ, ಹೇಳಬೇಡ ಎಂದದ್ದನ್ನು ಮೊದಲು ಹೇಳುವವಳು. ಅದು ನನಗೆ ಗೊತ್ತಿತ್ತು ಎಂದೇ ಇಟ್ಟುಕೊಳ್ಳಿ.

ಶನಿವಾರ ಬಸ್ಸಿನಲ್ಲಿ ಶಮೀಮ್ ಹೊಸ ಊರಿಗೆ ಹೊರಟವಳಂತೆ ಕಿಟಕಿಯಾಚೆಯದೆಲ್ಲ ತೋರಿಸುತ್ತಿದ್ದಳು. ನನಗೆ ಏನೂ ಕಾಣಲಿಲ್ಲ. ಪಾದಗಳು ಸೀಟಿನ ಕೆಳಗೆ ಹೊಲಿಗೆ ಮಷಿನ್ ತುಳಿಯುತ್ತಿದ್ದವು.

ಕೋಣೆಯಲ್ಲಿ ಡೆಸ್ಕುಗಳನ್ನು ಗೋಡೆಗೆ ಸರಿಸಿ ನೆಲಕ್ಕೆ ಜಮಖಾನೆ ಹಾಸಿದ್ದರು. ಹತ್ತು ಹನ್ನೆರಡು ಜನ, ಬಹಳ ಮಟ್ಟಿಗೆ ಹೆಂಗಸರು. ಕಲಿಸುವವರ ಹೆಸರು ಸುಮನ್. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಗಿಡ್ಡಗೆ, ದಪ್ಪಗೆ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡವರು. ಜಮಖಾನೆಯ ನಡುವೆ ಗೊಂಬೆ ಮಲಗಿತ್ತು. ಸೊಂಟದ ಕೆಳಗೆ ಏನೂ ಇಲ್ಲದ, ಯಾರದೋ ಹಳೆಯ ಅಂಗಿ ತೊಟ್ಟ ಗೊಂಬೆ.

"ಇಂವ ಶಾಂತಪ್ಪ" ಎಂದರು ಸಿಸ್ಟರ್. "ಎಷ್ಟ ಒತ್ತಿದ್ರೂ ಒಟ್ಟ ತಕರಾರು ಮಾಡಂಗಿಲ್ಲ."

ಒಬ್ಬೊಬ್ಬರಾಗಿ ಶಾಂತಪ್ಪನ ಪಕ್ಕ ಮೊಣಕಾಲೂರಿದೆವು. ಎದೆಯ ನಡುವೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಿಸಬಾರದು, ಜೋರಾಗಿ ಒತ್ತಬೇಕು, ಬೇಗ ಬೇಗ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೆ ಏಳಲು ಬಿಡಬೇಕು. ಸರಿಯಾಗಿ ಒತ್ತಿದರೆ ಒಳಗಿಂದ ಟಕ್ ಎಂದು ಸದ್ದು ಬರುತ್ತದೆ. ಶಮೀಮಳ ಕೈಯಲ್ಲಿ ಶಾಂತಪ್ಪ ಟಕಟಕ ಎಂದ. ನನ್ನ ಸರದಿ ಬಂದಾಗ ಅವನು ಬಾಯಿ ಬಿಡಲೇ ಇಲ್ಲ.

"ಅಕ್ಕಾರ, ಸವರಾಕತ್ತೀರಿ ನೀವು. ಒತ್ರಿ."

"ಎಲುಬು ಮುರಿದ್ರ?"

"ಮುರೀತೈತಿ ಒಮ್ಮೊಮ್ಮೆ. ಎಲುಬು ಕೂಡತೈತ್ರಿ. ನಿಂತ ಹೃದಯಾ ತಾನ ಚಾಲೂ ಆಗಂಗಿಲ್ಲ."

ಒತ್ತಿದೆ. ಟಕ್ ಎಂದಿತು. ನನ್ನ ಮೈಯೆಲ್ಲ ಬೆವೆತಿತು. ಸಿಸ್ಟರ್ ಆಮೇಲೆ ಹೇಳಿದ ಮಾತು ನನಗೆ ಇನ್ನೂ ಹೆಚ್ಚು ಬೇಕಾಗಿದ್ದದ್ದು. "ಇದನ್ನ ಮಾಡಿದ್ರೂ ಬಾಳ ಮಂದಿ ಉಳಿಯಂಗಿಲ್ಲ. ಖರೇ ಹೇಳ್ತೀನಿ. ಕೆಲವರು ಉಳೀತಾರ. ಆ ಕೆಲವರ ಸಲುವಾಗಿ ಕಲಿಯೂದು. ಮತ್ತ ಇನ್ನೊಂದು. ಹಾರ್ಟ್ ಅಟ್ಯಾಕ್ ಬ್ಯಾರೆ, ಹೃದಯಾ ನಿಲ್ಲೂದು ಬ್ಯಾರೆ. ಮಾತಾಡೋ ಮನಿಶಾನ ಎದಿ ಮುಟ್ಟಬ್ಯಾಡ್ರಿ. ದವಾಖಾನಿಗೆ ಒಯ್ರಿ. ಸುಮ್ಮನ ಮಲಗಿದಾವನ್ನ ಮಲಗಾಕ ಬಿಡ್ರಿ." ಕೊನೆಯ ಮಾತಿಗೆ ಎಲ್ಲರೂ ನಕ್ಕರು. ನಾನು ಜಮಖಾನೆಯ ಎಳೆ ಕೀಳುತ್ತಾ ಕೂತೆ.

ಆಗಲೇ ಬಾಗಿಲಲ್ಲಿ ನೆರಳು ಕಂಡಿತು. ಇವರು ನಿಂತಿದ್ದರು. ಗುಂಜಿಯಿಂದ ರೈಲು ಹಿಡಿದು, ಬರಿಗೈಯಲ್ಲಿ, ಹವಾಯಿ ಚಪ್ಪಲಿಯಲ್ಲೇ ಬಂದಿದ್ದರು. ನಾನು ಎದ್ದು ಹೋಗುವುದರೊಳಗೆ ಅವರೇ ಮೆಲ್ಲಗೆ, ಆದರೆ ಕೋಣೆಗೆಲ್ಲ ಕೇಳುವ ಹಾಗೆ, "ಅಲ್ಲೆ ಕಮಲಾನೂ ಶುರು ಮಾಡ್ಯಾಳ. ಮಲಗಿದ್ರ ಸಾಕು, ಬಂದು ಮೂಗಿನ ಬುಡಕ ಬೆರಳ ಹಿಡೀತಾಳ. ನೀ ಹೇಳೀಯಂತ" ಎಂದರು.

ಸಿಸ್ಟರ್ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಇವರು ಯಾರ್ರಿ ಅಕ್ಕಾರ?"

"ನಮ್ಮನಿಯವರು."

"ಛಲೋ ಆತು. ಶಾಂತಪ್ಪಗ ಕಾಲಿಲ್ಲ, ಮಗ್ಗಲಾ ಹೊಳ್ಳಸೂದು ತೋರಸಾಕ ಬರಂಗಿಲ್ಲ. ಬರ್ರಿ ಸಾಹೇಬ್ರ, ಮಲಗ್ರಿ."

ಅವರು ಬೇಡ ಎನ್ನಬಹುದಿತ್ತು. ತಿರುಗಿ ರೈಲ್ವೇ ಸ್ಟೇಶನ್ನಿಗೆ ಹೋಗಬಹುದಿತ್ತು. ನನ್ನ ಮುಖದಲ್ಲಿ ಏನು ಕಂಡರೋ, ಚಪ್ಪಲಿ ಬಿಟ್ಟು ಬಂದು ಶಾಂತಪ್ಪನ ಪಕ್ಕದಲ್ಲಿ ಅಂಗಾತ ಮಲಗಿದರು. "ನೀವು ಬೇಹೋಷ್ ಆಗೀರಿ" ಎಂದು ಸಿಸ್ಟರ್ ಅವರಿಗೆ ಅಪ್ಪಣೆ ಮಾಡಿದರು. "ಯಾರ ಕರದ್ರೂ ಓ ಅನ್ನಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಹಾಂ, ನೀವ ಬರ್ರಿ. ಮೊದಲ ಎರಡೂ ಭುಜಾ ಬಡದು, ಹೆಸರು ಹಿಡಿದು ಜೋರಾಗಿ ಕರೀರಿ" ಎಂದರು.

ಭುಜ ಬಡಿದೆ. "ರೀ" ಎಂದೆ.

"ಹೆಸರು."

"ಏನ್ರೀ..."

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ನಮ್ಮ ಕಡೆಯ ಕಥೆ ನಿಮಗೆ ಗೊತ್ತಿರಬಹುದು. ನಾವು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ರೇಶನ್ ಕಾರ್ಡಿನ ಸಾಲಿನಲ್ಲಿ ಕೇಳಿದರೆ ಪಕ್ಕದವರು ಹೇಳಬೇಕು. ನಮ್ಮ ಆಯಿಯ ಗಂಡನ ಹೆಸರು ಬೆಳ್ಳೆಪ್ಪ. ಅದಕ್ಕಾಗಿ ಅವಳು ಸಾಯುವ ತನಕ ಬೆಳ್ಳಿ ಎಂದವಳಲ್ಲ, "ಬಿಳೇ ಬಂಗಾರ" ಎನ್ನುತ್ತಿದ್ದಳು. ಬೆಳ್ಳುಳ್ಳಿಗಂತೂ ಅವಳ ಬಾಯಲ್ಲಿ ಹೆಸರೇ ಇರಲಿಲ್ಲ, "ಆ ಸಣ್ಣ ಉಳ್ಳಾಗಡ್ಡಿ" ಅಷ್ಟೆ. ಮದುವೆ, ಕುಬಸದಂಥ ಸಮಾರಂಭಗಳಲ್ಲಿ ಮಾತ್ರ ಒಡಪು ಹೇಳುವ ಪದ್ಧತಿ ಇದೆ. ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಗಂಡನ ಹೆಸರನ್ನು ಹೇಗೋ ಸೇರಿಸಿ ಹೇಳಿಬಿಟ್ಟರೆ ದೋಷವಿಲ್ಲ. ಮರಾಠಿ ಮನೆಗಳಲ್ಲೂ ಹಾಗೆಯೇ.

"ಒಡಪ ಹೇಳ್ರಿ, ಒಡಪ" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಕೋಣೆಗೆ ಕೋಣೆಯೇ ಹುರುಪಿಗೆ ಬಂತು. ಬೇರೆ ದಾರಿ ಕಾಣದೆ ನನ್ನ ಬಾಯಿಗೆ ಬಂದದ್ದನ್ನು ಜೋಡಿಸಿದೆ:

"ಬೀಡ್ಯಾಗ ಹುಟ್ಟೀನಿ, ಬೆಳಗಾವ್ಯಾಗ ಹಚ್ಚೀನಿ ದೀಪಾ,
ಬಸವರಾಜರು ಮನಿಗೆ ಬಂದ್ರ ಇಳೀತೈತಿ ನನ್ನ ಕ್ವಾಪಾ."

ಚಪ್ಪಾಳೆ ಬಿತ್ತು. ಕಣ್ಣು ಮುಚ್ಚಿ ಮಲಗಿದ್ದವರ ಮೀಸೆ ಅಲುಗಿತು.

"ಬೇಹೋಷ್ ಆದವರು ನಗಂಗಿಲ್ಲ ಸಾಹೇಬ್ರ" ಎಂದರು ಸಿಸ್ಟರ್. ನಂತರ ನನಗೆ, ಈ ಸಲ ನಗದೆ, ಹೇಳಿದರು. "ಅಕ್ಕಾರ, ಒಡಪ ಮುಗಿಯೂದ್ರೊಳಗ ಮನಿಶಾ ಹೋಗಿರ್ತಾನ. ಎಚ್ಚರಿಲ್ಲದವರಿಗೆ ಮರ್ಯಾದಿ ಬೇಕಾಗಂಗಿಲ್ಲ, ಹೆಸರು ಬೇಕು. ಕರೀರಿ."

ನಾನು ಅವರ ಭುಜಗಳನ್ನು ಹಿಡಿದೆ. ಆ ಭುಜಗಳು ಇಳಿದುಹೋಗಿದ್ದವು. ದಿನವೂ ನೋಡುತ್ತಿದ್ದ ನನಗೆ ಅದು ಕಂಡೇ ಇರಲಿಲ್ಲ.

"ಬಸವರಾಜ!"

ಅವರು ಓ ಎನ್ನಲಿಲ್ಲ.

"ಬಸವರಾಜ! ಬಸವರಾಜ, ಕೇಳಸ್ತೈತೇನು?"

ಅನ್ನಲಿಲ್ಲ. ಅನ್ನಬಾರದು ಎಂದು ಅವರಿಗೆ ಹೇಳಿದ್ದರು. ಅದು ನನಗೂ ಗೊತ್ತಿತ್ತು. ಆದರೂ ಜೀವನದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಿದ್ದೇನೆ, ಮನುಷ್ಯ ಓ ಎನ್ನುತ್ತಿಲ್ಲ ಎಂದರೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಲಾರೆ. ಕಿವಿಯನ್ನು ಅವರ ಮೂಗಿನ ಹತ್ತಿರ ತಂದು, ಕಣ್ಣು ಎದೆಯ ಮೇಲೆ ಇಟ್ಟು, ಸಿಸ್ಟರ್ ಕಲಿಸಿದ ಹಾಗೆ ನೋಡಿದೆ. ಬೆಚ್ಚಗಿನ ಗಾಳಿ ಕೆನ್ನೆಗೆ ತಾಗಿತು. "ಉಸರಾಟ ಐತ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಐತಿ ಅಂದಮ್ಯಾಲೆ ಎದಿ ಒತ್ತೂದಿಲ್ಲ. ಮಗ್ಗಲಾ ಹೊಳ್ಳಸ್ರಿ."

ಸಿಸ್ಟರ್ ಹೇಳಿದ ಹಾಗೆ ಆಚೆಯ ಮೊಣಕಾಲನ್ನು ಮಡಿಸಿ, ಒಂದು ಕೈಯನ್ನು ಕೆನ್ನೆಯ ಕೆಳಗೆ ಸೇರಿಸಿ, ಮೆಲ್ಲಗೆ ನನ್ನ ಕಡೆಗೆ ಹೊರಳಿಸಿದೆ. ಶಮೀಮ್ ಬಂದು ಅವರ ತಲೆಗೆ ಆಸರೆ ಕೊಟ್ಟಳು.

ಎದ್ದು ಕೂತ ಮೇಲೆ ಅವರು ಶಾಂತಪ್ಪನ ಅಂಗಿ ಸರಿಮಾಡಿದರು. ಆಮೇಲೆ, "ಸಿಸ್ಟರ್, ಇಕೀಗೇನರ ಆದ್ರ ನಾ ಏನ್ ಮಾಡ್ಲಿ?" ಎಂದು ಕೇಳಿದರು.

ನನಗೆ ಏನಾದರೂ ಆಗಬಹುದು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ, ನನಗೂ.

"ಡಾಕ್ಟರು ನಿಮಗ ಏನೇನ ಬಿಟ್ಟಾರ?"

"ನಡ್ಯಾಕ ಬಿಟ್ಟಾರ. ಮೆಟ್ಟಲಾ ಹತ್ತಾಕ ಬಿಟ್ಟಾರ."

"ಹಂಗಾದ್ರ ಸ್ವಲ್ಪ ಒತ್ತಿ ನೋಡ್ರಿ. ದಣಿವಾದ ಕೂಡ್ಲೆ ಬಿಡಬೇಕು ಮತ್ತ."

ಅವರು ಶಾಂತಪ್ಪನ ಪಕ್ಕ ಮೊಣಕಾಲೂರಿ, ಭುಜ ಬಡಿದು, "ಸುವರ್ಣಾ!" ಎಂದು ಕೂಗಿದರು. ಅವರಿಗೆ ಹೆಸರಿನ ತೊಂದರೆ ಇಲ್ಲ. ಮಾದರಿ ಕೆತ್ತುವಾಗ ಉಳಿಯ ಮೇಲೆ ಬೀಳುವ ಕೊಡತಿಯ ಹಾಗೆ ಸಮನಾಗಿ, ಒಂದೇ ಹದದಲ್ಲಿ ಒತ್ತಿದರು. ಟಕ್, ಟಕ್, ಟಕ್. ಹಳೆಯ ಅಂಗಿಯ ಆ ಗೊಂಬೆ ನಾನೇ ಎಂದು ತಿಳಿದು ಅವರು ಒತ್ತುತ್ತಿರುವುದನ್ನು ನಾನು ನಿಂತು ನೋಡಿದೆ. ಅವರ ಉಸಿರನ್ನಲ್ಲ, ಅವರನ್ನು ನೋಡಿದೆ.

ಹೊರಗೆ ಬಂದಾಗ ಸಂಜೆಯಾಗಿತ್ತು. ಶಾಲೆಯ ಗೇಟಿನ ಹತ್ತಿರ ಅವರು ನಿಂತು, "ಇಬ್ಬರಿಗೂ ಬಂತಲಾ ಈಗ. ಇನ್ನ ಮಲಗಿದಾಗ ಬೆರಳ ಹಿಡೀಬ್ಯಾಡ" ಎಂದರು.

"ಹಿಡಿಯಂಗಿಲ್ಲ ಅಂತ ಆಣಿ ಮಾಡಾಕಾಗಂಗಿಲ್ರಿ. ಕಡಿಮಿ ಮಾಡ್ತೀನಿ."

"ಆತು, ಕಡಿಮಿ ಮಾಡು."

"ಗುಂಜಿಗೆ ಹೊಳ್ಳಿ ಹೋಗ್ತೀರೇನು?"

"ಚೀಲಾ ಕಮಲಾ ತರ್ತಾಳ ಬಿಡು" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಸಂತೆಯಂಥ ಗದ್ದಲ. ಬೆಳಗಾವಿಯ ಬಸ್ಸು ನಿಂತಿತ್ತು. ಶಮೀಮ್ ನುಗ್ಗಿ ಸೀಟು ಹಿಡಿದಳು. ಇವರು ಶೇಂಗಾ ತರುತ್ತೇನೆಂದು ಇಳಿದು ಹೋದರು. ಹೋದವರು ಬರಲಿಲ್ಲ. ಡ್ರೈವರ್ ಏರಿ ಕೂತ, ಗಾಡಿ ಚಾಲೂ ಆಯಿತು, ಕಂಡಕ್ಟರ್ ಸೀಟಿ ಊದಿದ. "ನಿಂದರಸ್ರಿ, ಒಬ್ಬರು ಬರಾವ್ರದಾರ" ಎಂದು ಶಮೀಮ್ ಕೂಗಿದರೆ, "ಎಲ್ಲದಾರ ತೋರಸ್ರಿ" ಎಂದ ಅವನು. ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ. ತಲೆ, ಟೊಪ್ಪಿಗೆ, ಬುಟ್ಟಿ, ಮತ್ತೆ ತಲೆ. ಏನ್ರೀ ಎಂದು ಕೂಗಿದರೆ ಆ ಬಸ್‌ಸ್ಟ್ಯಾಂಡಿನ ಯಾವ ಗಂಡಸು ತಿರುಗಿ ನೋಡಬೇಕು?

"ಬಸವರಾಜ!"

ಮೂರು ನಾಲ್ಕು ಗಂಡಸರು ತಿರುಗಿದರು. ಆ ಹೆಸರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅವರಲ್ಲಿ ಇವರಿರಲಿಲ್ಲ. ಬಸ್ಸು ಒಂದು ಮಾರು ಮುಂದೆ ಸರಿಯಿತು. ನಾನು ಇನ್ನೂ ಹೊರಗೆ ವಾಲಿ, ಗಂಟಲು ಬಿರಿಯುವ ಹಾಗೆ ಮತ್ತೊಮ್ಮೆ ಕೂಗಿದೆ. ಹಣ್ಣಿನ ಗಾಡಿಯ ಹಿಂದಿನಿಂದ ಶೇಂಗಾದ ಪೊಟ್ಟಣ ಹಿಡಿದ ಒಂದು ಕೈ ಮೇಲೆದ್ದಿತು.

"ಓ" ಎಂದರು. "ಬಂದೆ!"